ಎಂಟರ ದಾರಿ

ಸಕ್ಕರೆ ಕಾಯಿಲೆ ಬಂದ ಮೇಲೆ ದಿನಾ ಬೆಳಿಗ್ಗೆ ಹೊಸೂರಿನ ದೊಡ್ಡ ಪಾರ್ಕಿಗೆ ಹೋಗುತ್ತಿದ್ದೇನೆ. ಅಲ್ಲಿ ಎಂಟು ಅಂಕಿಯ ಆಕಾರದಲ್ಲಿ ದುಂಡನೆಯ ಸಣ್ಣ ಕಲ್ಲು ಹಾಸಿದ ದಾರಿಯಿದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದನ್ನೇ ಸುತ್ತಬೇಕು. ನಡುವೆ ದಾರಿ ಕೂಡುವ ಕಡೆ, ಅಡ್ಡ ಬಂದವರಿಗೆ ಜಾಗ ಬಿಡುವುದು ವಾಡಿಕೆ.

ಆದರೆ ಅಡ್ಡ ಯಾರೂ ಬರದಿದ್ದರೂ ಜನ ಅಲ್ಲಿ ಅರೆಗಳಿಗೆ ನಿಲ್ಲುತ್ತಿದ್ದರು. ನನ್ನ ಜೊತೆ ಬರುವ ಪಕ್ಕದ ಮನೆಯ ಮುನಿರತ್ನಮ್ಮನೂ ನಿಂತರು.

"ಯಾಕಕ್ಕಾ, ಯಾರೂ ಇಲ್ವಲ್ಲ?" ಎಂದೆ.

"ಅವ್ರು ಹೋಗ್ಬುಡ್ಲಿ ಇರಮ್ಮ. ಆಮ್ಯಾಕೆ ನಾವು ಹೋಗಾನ."

ಅವರು ಎಂದರೆ ಯಾರೆಂದು ಮುನಿರತ್ನಮ್ಮನಿಗೂ ಗೊತ್ತಿಲ್ಲ.

ಇಲ್ಲದವರಿಗೆ ಜಾಗ ಬಿಡುವುದೆಂದರೇನು ಎಂದು ನನಗೆ ರೇಗಿತು. ಮಾರನೆಯ ದಿನ ನಿಲ್ಲದೆ ನುಗ್ಗಿದೆ. ಏಪ್ರಿಲ್ ಬಿಸಿಲು ಏರಿತ್ತು. ಆದರೂ ಅಲ್ಲಿನ ಕಲ್ಲು ಮಾತ್ರ ಬಾವಿ ನೀರಿನಂತೆ ಕೊರೆಯಿತು. ಬೆನ್ನ ಹಿಂದೆ ಒದ್ದೆ ಪಾದದ ಸಪ್ಪಳ ಒಮ್ಮೆ ಕೇಳಿ ನಿಂತಿತು. ಅಷ್ಟೇ, ಮತ್ತೇನೂ ಆಗಲಿಲ್ಲ.

ಈಗ ಅಲ್ಲಿ ಯಾರೂ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ನಾನು ಬಂದಾಗ ಮಾತ್ರ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ನಾನು ದಾಟಿ ಹೋದ ಮೇಲೂ, ಮುನಿರತ್ನಮ್ಮ ಕೂಡ, ಇನ್ನೊಂದಿಷ್ಟು ಹೊತ್ತು ನಿಂತೇ ಇರುತ್ತಾರೆ.