ಖಾಲಿಯಾದ ಹಳೇ ಡಿಸ್ಕು

"ಏನೂ ಇಲ್ಲಮ್ಮ. ಪೂರ್ತಿ ಖಾಲಿ!"

ಹೊಸ ಕಂಪ್ಯೂಟರಿನ ಮುಂದಿನಿಂದ ಎರ್ಮೆಕ್ ಎದ್ದು ಹೀಗೆಂದಾಗ ತಾಯಿ ಜಿಪಾರ್ ಚಹಾ ಲೋಟ ಬದಿಗಿಟ್ಟು ಹತ್ತಿರ ಬಂದಳು. ತೀರಿಹೋದ ಗಂಡ ಕೊಮುಜ್ ವಾದ್ಯದಲ್ಲಿ ನುಡಿಸಿದ್ದೆಲ್ಲ ಆ ಹಳೇ ಹಾರ್ಡ್ ಡಿಸ್ಕಿನಲ್ಲೇ ಇತ್ತು. ಹಳೇ ಕಂಪ್ಯೂಟರ್ ಕೆಟ್ಟ ಮೇಲೆ ಬಿಚ್ಚಿಟ್ಟಿದ್ದ ಡಿಸ್ಕನ್ನು ಹೊಸದಕ್ಕೆ ಜೋಡಿಸಲು ಮಗನಿಗೆ ಹೇಳಿದ್ದಳು.

"ಅಳಿಸಿದ್ದು ಯಾರು?"

"ಇನ್ಯಾರು? ಹೋದ ವಾರ ಇದನ್ನ ಒಯ್ದಿದ್ದವನು ತಾಲಾಯ್ ತಾನೇ?"

ತಾಲಾಯ್ ಗಂಡನ ಶಿಷ್ಯ. ಗುರುವಿನ ಧಾಟಿಯನ್ನು ತನ್ನದೆಂದು ನುಡಿಸುತ್ತಾನೆ ಎಂಬ ಮಾತು ಕರಾಕೋಲ್ ಊರಲ್ಲಿತ್ತು. ಗುರು ನುಡಿಸಿದ್ದನ್ನು ಕೇಳಲೆಂದು ಒಯ್ದವನು 'ನನ್ನ ಕಂಪ್ಯೂಟರಿಗೆ ಇದು ಕೂರಲೇ ಇಲ್ಲ' ಎಂದು ಡಿಸ್ಕನ್ನು ಹಿಂದಿರುಗಿಸಿದ್ದ. ಜಿಪಾರ್ ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಆಮೇಲೆ ಪಕ್ಕದ ಮನೆಯ ಡಮೀರಾಳನ್ನು ಕರೆದಳು — ಪೊಲೀಸ್ ಇಲಾಖೆಯಲ್ಲಿ ತನಿಖೆ ಮಾಡಿಯೇ ನಿವೃತ್ತಳಾದವಳು.

ಡಮೀರಾ ಡಿಸ್ಕನ್ನು ತಿರುಗಿಸಿ ನೋಡಿದಳು.

"ಹೇಗೆ ಜೋಡಿಸಿದೆಯಪ್ಪ?"

"ಕಂಪ್ಯೂಟರಿನ ಒಳಗಿದ್ದ ಕೇಬಲ್ಲನ್ನೇ ಸಿಕ್ಕಿಸಿದೆ, ಚಿಕ್ಕಮ್ಮ."

"ಮಧ್ಯೆ ಬೇರೇನೂ ಹಾಕ್ಲಿಲ್ವಾ?"

"ಇಲ್ಲ. ನೇರವಾಗಿ."

"ಸರಿಯಾಗಿ ಕೂತಿತ್ತಾ?"

"ಟಕ್ ಅಂತ ಕೂತಿತು."

"ಹಾಗಾದ್ರೆ ನಮ್ಮೆದುರು ಇನ್ನೊಂದ್ಸಲ ಕೂರಿಸು."

ಎರ್ಮೆಕ್ ಕೇಬಲ್ಲಿನಿಂದ ಕೈ ಹಿಂದಕ್ಕೆಳೆದುಕೊಂಡ.

"ನೋಡು ಜಿಪಾರ್," ಡಮೀರಾ ಮೆಲ್ಲಗೆ ಹೇಳಿದಳು. "ಈ ಡಿಸ್ಕಿನ ಬಾಯಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಎರಡು ಸಾಲು ಪಿನ್ನು. ಹೊಸ ಕೇಬಲ್ಲಿನ ತುದಿ ಚಪ್ಪಟೆ, ಉಗುರಿನಷ್ಟಗಲ. ನಡುವೆ ಅಡಾಪ್ಟರ್ ಇಲ್ದೆ ಇವೆರಡೂ ಸೇರೋದೇ ಇಲ್ಲ. ತಾಲಾಯ್ ಅದನ್ನೇ ಹೇಳಿದ್ದ — ನೀನು ಕಿವಿಗೆ ಹಾಕ್ಕೊಳ್ಳಲಿಲ್ಲ. ಡಿಸ್ಕನ್ನ ಯಾರೂ ಅಳಿಸಿಲ್ಲ. ತೆರೆದೇ ಇಲ್ಲ! ಸುಳ್ಳು ಹೇಳಿದವನು ನಿನ್ನ ಮಗ."

"ಯಾಕೋ?" ಜಿಪಾರ್ ಮಗನ ಕಡೆ ತಿರುಗಿದಳು.

ಎರ್ಮೆಕ್ ನೆಲ ನೋಡಿದ. "ಹಳೇ ಕಂಪ್ಯೂಟರ್ ಕೆಡೋ ಮುಂಚೆ ಅಪ್ಪ ತೀರಿಕೊಂಡ ದಿನದ ಕೊನೇ ರೆಕಾರ್ಡಿಂಗ್ ಕೇಳಿದ್ದೆ. ಅಪ್ಪ ನುಡಿಸ್ತಾ ನುಡಿಸ್ತಾ ನಿಲ್ಲಿಸಿ ನನ್ನ ಹೆಸರು ಹಿಡಿದು ಕೂಗ್ತಾರೆ. ನಾನು ಎರಡು ಬೀದಿ ಆಚೆ ಇದ್ದೆ. ಅಪ್ಪನ ಜೊತೆ ಜಗಳ ಆಡಿದ ಹಟಕ್ಕೆ ಮನೆಗೆ ಬರಲಿಲ್ಲ. ನೀನು ಅದನ್ನ ಕೇಳಬಾರದು ಅಂತ..."

ಜಿಪಾರ್ ಮಗನ ಹೆಗಲ ಮೇಲೆ ಕೈಯಿಟ್ಟಳು.

"ಆ ಕೂಗು ಆವತ್ತೇ ಕೇಳಿದೀನಿ ಕಣೋ. ಅವರನ್ನ ಒರಗಿಸಿ ಹಿಡ್ಕೊಂಡು ಕೂತಿದ್ದವಳು ನಾನೇ. ನನಗೆ ಬೇಕಿರೋದು ಅದಕ್ಕೆ ಮುಂಚೆ ನುಡಿಸಿದ್ದು."

ಫೋನನ್ನು ಮಗನ ಕೈಗಿತ್ತಳು.

"ಮೊದಲು ತಾಲಾಯ್ ಹತ್ರ ತಪ್ಪಾಯ್ತು ಅನ್ನು. ನನ್ನ ಪರವಾಗಿಯೂ. ಆಮೇಲೆ ಇಬ್ಬರೂ ಹೋಗಿ ಅಡಾಪ್ಟರ್ ತನ್ನಿ — ಅವನೂ ಬಂದು ಕೂತು ಕೇಳಲಿ."