ಹದಿನಾಲ್ಕನೇ ನಂಬರಿನ ಹೊಲಿಗೆ

"ರೀ, ಇದೇನ್ರೀ ಹೊಲಿಗೆ! ಒಂದು ದಾರ ಎಳೆದ್ರೆ ನನ್ನ ಹೆಸರೇ ಕಿತ್ತು ಕೈಗೆ ಬರುತ್ತೆ!"

ಅವಳು ತಲೆಯೆತ್ತಿ ನೋಡಿದಳು. ಹೊಲಿಗೆ ಅಂಗಡಿಯ ಬಾಗಿಲ ತುಂಬ ಒಬ್ಬ ಮನುಷ್ಯ. ಒಂದು ಕೈಯಲ್ಲಿ ಹದಿನಾಲ್ಕನೇ ನಂಬರಿನ ಬಾಸ್ಕೆಟ್‌ಬಾಲ್ ಜೆರ್ಸಿ, ಇನ್ನೊಂದು ಕೈ ಹಣೆಯ ಮೇಲೆ. ಒಳಗೆ ಬರುವಾಗ ಚೌಕಟ್ಟಿಗೆ ಹಣೆ ಬಡಿದುಕೊಂಡಿದ್ದ.

"ಕಿತ್ತು ಬರಲಿ ಅಂತಲೇ ಹಾಗೆ ಹಾಕಿರೋದು," ಎಂದಳು, ಸೂಜಿ ಕೆಳಗಿಡದೆ. "ಹೊರದೇಶದ ಆಟಗಾರರು ಎರಡು ತಿಂಗಳಿಗೆ ಬರ್ತೀರಿ, ಹೋಗ್ತೀರಿ. ಜೆರ್ಸಿ ಇಲ್ಲೇ ಉಳಿಯುತ್ತೆ. ಗಟ್ಟಿ ಹೊಲಿದ್ರೆ ಹೆಸರು ಬಿಚ್ಚೋವಾಗ ಬಟ್ಟೆ ಹಾಳಾಗುತ್ತೆ. ಅದಕ್ಕೆ ನಿಮಗೆಲ್ಲ ಕಚ್ಚಾ ಹೊಲಿಗೆನೇ."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಜಗಳಕ್ಕೆ ನಿಲ್ಲುತ್ತಾನೆ ಅಂದುಕೊಂಡರೆ, ಅವನು ಸ್ಟೂಲ್ ಎಳೆದು ಕುಳಿತೇಬಿಟ್ಟ.

"ಸರಿ ಬಿಡಿ. ಹನ್ನೆರಡು ವರ್ಷಕ್ಕೆ ಹನ್ನೊಂದು ಟೀಮ್, ಏಳು ದೇಶ. ಹೋಗೋದು ನನಗೂ ಅಭ್ಯಾಸ ಆಗಿದೆ."

ಎಷ್ಟು ದಣಿದ ದನಿ! ಪಕ್ಕದ ದೇಶದಲ್ಲಿ ಮೂರು ವರ್ಷ ಆಡಿದ್ದರಿಂದ ಇಲ್ಲಿನ ಭಾಷೆ ಅವನಿಗೆ ಬರುತ್ತಿತ್ತು. ದಣಿವು ಮಾತ್ರ ಎಲ್ಲ ದೇಶಗಳಿಂದಲೂ ಒಟ್ಟಾಗಿ ಬಂದಂತಿತ್ತು.

ಮೂಲೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಅಪ್ಪ ಕನ್ನಡಕದ ಮೇಲಿಂದ ನೋಡಿ, "ಯಾರಮ್ಮ ಈ ಏಣಿ?" ಎಂದರು. ಅಂದಿನಿಂದ ಅವನಿಗೆ ಅದೇ ಹೆಸರಾಯಿತು.

ಏಣಿ ದಿನಾ ಬರತೊಡಗಿದ. ಬೆಳಗಿನ ಪ್ರ್ಯಾಕ್ಟೀಸ್ ಮುಗಿಸಿ, ಊದಿದ ಮೊಣಕಾಲಿಗೆ ಐಸ್ ಚೀಲ ಕಟ್ಟಿಕೊಂಡು, ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದ. ದಿನಾ ಹಣೆ ಬಡಿದುಕೊಳ್ಳುತ್ತಿದ್ದ. ವಯಸ್ಸು ಮೂವತ್ತೈದಾಗಿತ್ತು. ಕ್ಲಬ್ಬಿನವರು ಕೊಟ್ಟ ಮನೆಯಲ್ಲಿ ಒಂದು ತಟ್ಟೆ, ಒಂದು ಕಪ್ಪು, ಹಿಂದಿನ ಆಟಗಾರ ಬಿಟ್ಟುಹೋದ ಪರದೆ. ಸೂಟ್‌ಕೇಸನ್ನು ಪೂರ್ತಿ ಖಾಲಿ ಮಾಡಿದ್ದೇ ನೆನಪಿಲ್ಲವಂತೆ.

"ನನ್ನ ತಂಗಿ ಮಕ್ಕಳಿಗೆ ನಾನು ಫೋನೊಳಗಿನ ಮಾಮ," ಎಂದು ಒಮ್ಮೆ ನಕ್ಕ. ಅವಳಿಗೆ ನಗು ಬರಲಿಲ್ಲ.

*ನನ್ನದೇನು ಬೇರೆ ಬದುಕಾ? ಅಕ್ಟೋಬರಿನಲ್ಲಿ ಹೊಲಿ, ಡಿಸೆಂಬರಿನಲ್ಲಿ ಬಿಚ್ಚು... ಎಂಟು ವರ್ಷದಿಂದ ಇದೇ.*

ಜನವರಿಯ ಒಂದು ಪಂದ್ಯದಲ್ಲಿ ಎದುರಾಳಿ ಹಿಡಿದೆಳೆದು, ಅವನ ಬೆನ್ನಿನ ಅರ್ಧ ಅಕ್ಷರಗಳು ಕಿತ್ತುಬಂದವು. "ನೋಡಿದ್ರಾ ನಿಮ್ಮ ಕೈಗುಣ!" ಎನ್ನುತ್ತ ಜೆರ್ಸಿ ತಂದುಕೊಟ್ಟ. ಅವನು ಹೋದಮೇಲೆ ಅವಳು ಅದನ್ನು ಮೆಷಿನ್ನಿಗೆ ಹಾಕಿದಳು. ಗಟ್ಟಿ ದಾರ. ಎರಡು ಸುತ್ತು. ಅಪ್ಪ ನೋಡಿದರು, ಕೆಮ್ಮಿದರು.

ಮಾರ್ಚಿನ ಒಂದು ಗುರುವಾರ ಕ್ಲಬ್ಬಿನ ಮ್ಯಾನೇಜರ್ ಅದೇ ಜೆರ್ಸಿ ತಂದು ಮೇಜಿನ ಮೇಲೆ ಹಾಕಿದ.

"ಹೆಸರು ಬಿಚ್ಚಿಬಿಡಮ್ಮ. ಸೋಮವಾರ ಹೊಸಬ ಬರ್ತಾನೆ. ಇವನಿಗೆ ಸಂಜೆ ನಾವೇ ಹೇಳ್ತೀವಿ. ನೀನು ಬಾಯಿ ಬಿಡಬೇಡ."

ಅವಳು ಬಿಚ್ಚಲು ಕುಳಿತಳು. ದಾರ ಜಗ್ಗಲಿಲ್ಲ. ಬ್ಲೇಡ್ ಹಾಕಿದಳು. ಒಂದೊಂದು ಅಕ್ಷರ ಬರುವಾಗಲೂ ಬಟ್ಟೆ ಸೀಳಿತು.

ಅಷ್ಟರಲ್ಲಿ ಬಾಗಿಲಲ್ಲಿ ಠಪ್ಪೆಂದು ಸದ್ದಾಯಿತು. ಅವಳು ಜೆರ್ಸಿಯನ್ನು ಮಡಿಲಲ್ಲಿ ಮುದುರಿ ಮುಚ್ಚಿಕೊಂಡಳು.

"ಒಂದು ಮಾತು," ಎಂದ ಅವನು, ಹಣೆ ಉಜ್ಜುತ್ತ. "ಎದುರಿನ ಶಾಲೆಯವರು ಹುಡುಗಿಯರ ಟೀಮ್‌ಗೆ ಕೋಚ್ ಆಗ್ತೀರಾ ಅಂತ ಕೇಳಿದ್ದಾರೆ. ಆಡಿದ್ದು ಸಾಕು ಅನ್ಸುತ್ತೆ... ಯಾರಾದರೂ ಇರು ಅಂದ್ರೆ, ಇದ್ದುಬಿಡ್ತೀನಿ."

ಅವನು ಕಾದ. ಅವಳು ತನ್ನ ಮಡಿಲನ್ನೇ ನೋಡುತ್ತಿದ್ದಳು. *ಈಗ ಬಾಯಿ ತೆರೆದರೆ ಅಳುವೇ ಬರುತ್ತದೆ. ಇವನನ್ನು ಕಳಿಸುವ ಕೆಲಸ ನನ್ನ ಮಡಿಲಲ್ಲೇ ಇದೆಯಲ್ಲ!*

"ಸರಿ... ಬರ್ತೀನಿ," ಎಂದು ಹೊರಟುಹೋದ.

ಮರುದಿನ ಬೆಳಿಗ್ಗೆ ಸೂಟ್‌ಕೇಸ್ ಹಿಡಿದು ಬಂದ. ಮೇಜಿನ ಮೇಲೆ ಬೋಳು ಬೆನ್ನಿನ ಜೆರ್ಸಿ ಕಂಡಿತು. ಅವನ ಮುಖ ಸಪ್ಪಗಾಯಿತು.

"ನಿನ್ನೆ ನಾನು ಇಲ್ಲಿ ನಿಂತು ಹಲ್ಲು ಕಿರಿತಿದ್ದಾಗ ನಿಮಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು... ಆದರೆ..."

"ಎಲ್ಲಾ ಊರಲ್ಲೂ ಕೊನೆಗೆ ತಿಳಿಯೋದು ನನಗೇ. ಇಲ್ಲಿ ಮಾತ್ರ ಹಾಗಾಗಲ್ಲ ಅಂದುಕೊಂಡಿದ್ದೆ." ಹರಿದ ಬಟ್ಟೆಯ ಮೇಲೆ ಬೆರಳಿಟ್ಟ. "ಎಷ್ಟು ಅವಸರದಲ್ಲಿ ಕಿತ್ತಿದ್ದೀರಿ! ಬರ್ತೀನಿ. ಹತ್ತೂವರೆಗೆ ಬಸ್ಸು."

ಸೂಟ್‌ಕೇಸ್ ಎಳೆಯುತ್ತ ಅವನು ಹೊರಟುಹೋದ. ಅಪ್ಪ ಕತ್ತರಿ ಕೆಳಗಿಟ್ಟರು.

"ಅವನಿಗೆ ಹೊಲಿಗೆ ಓದೋಕೆ ಬರಲ್ಲಮ್ಮ. ಹೇಳದೆ ಹೇಗೆ ಗೊತ್ತಾಗಬೇಕು? ಓಡು!"

ಜೆರ್ಸಿ ಎತ್ತಿಕೊಂಡು, ಚಪ್ಪಲಿಯೂ ಇಲ್ಲದೆ ಬಸ್ ನಿಲ್ದಾಣಕ್ಕೆ ಓಡಿದಳು. ಬಸ್ಸು ಇಂಜಿನ್ ಚಾಲೂ ಮಾಡಿ ನಿಂತಿತ್ತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಅವಳು ಅವನ ಕೈ ಹಿಡಿದೆಳೆದು, ಬೆರಳನ್ನು ಜೆರ್ಸಿಯ ತೂತುಗಳ ಮೇಲೆ ಒತ್ತಿದಳು.

"ಇದು... ಅವಸರದಲ್ಲಿ ಹರಿದಿದ್ದಲ್ಲ. ಕಚ್ಚಾ ಹೊಲಿಗೆ ಆಗಿದ್ರೆ ಒಂದೇ ಎಳೆತಕ್ಕೆ ಬರ್ತಿತ್ತು, ಗುರುತೂ ಉಳೀತಿರಲಿಲ್ಲ. ಜನವರಿಯಲ್ಲೇ ಗಟ್ಟಿಯಾಗಿ ಹೊಲಿದಿದ್ದೆ. ಎರಡು ಸುತ್ತು. ನಿನ್ನೆ ಬಿಚ್ಚೋಕೆ ಕೂತ್ರೆ... ಬಟ್ಟೆ ಹರಿಯದೆ ಬರಲೇ ಇಲ್ಲ!"

ಅವನು ಒಂದೊಂದೇ ತೂತನ್ನು ಸವರಿದ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಅವನ ಕಣ್ಣು ತುಂಬಿತ್ತು.

"ಇಷ್ಟು ಗಟ್ಟಿಯಾಗಿ ನನ್ನನ್ನ ಯಾರೂ ಎಲ್ಲೂ ಹೊಲಿದಿರಲಿಲ್ಲ," ಎಂದ ಮೆಲ್ಲಗೆ.

"ನಿನ್ನೆ ಕೇಳಿದ್ಯಲ್ಲ, ಯಾರಾದರೂ ಇರು ಅಂದ್ರೆ ಅಂತ..." ಅವಳು ಅವನ ಕೈ ಬಿಡಲಿಲ್ಲ. "ಇರು. ನಾನು ಹೇಳ್ತಿದ್ದೀನಿ. ಇದ್ದುಬಿಡು!"

ಡ್ರೈವರ್ ಹಾರ್ನ್ ಬಾರಿಸಿದ. "ಸ್ವಾಮಿ, ಹತ್ತುತ್ತೀರೋ ಇಳೀತೀರೋ?"

ಏಣಿ ಇಳಿದ.

ಇಬ್ಬರೂ ಅಂಗಡಿಯತ್ತ ನಡೆದರು. ಸೂಟ್‌ಕೇಸಿನ ಚಕ್ರ ಕಿರುಗುಟ್ಟುತ್ತಿತ್ತು. ಬಾಗಿಲ ಬಳಿ ಅವನು ನಿಂತ.

"ನನಗೆ ತುಂಬಾ ಸುಸ್ತಾಗಿದೆ ಕಣೇ."

"ಗೊತ್ತು. ಬಾ, ಕೂತ್ಕೋ. ಹಣೆ ಜೋಪಾನ..."

ಅವಳು ಹೇಳುವಷ್ಟರಲ್ಲಿ ಅವನು ತಲೆ ಬಗ್ಗಿಸಿ ಒಳಗೆ ಬಂದಿದ್ದ.