ನಲವತ್ತೆರಡನೇ ಪುಟದ ಕಳ್ಳತನ

ನಾಲ್ಕನೇ ವಾರವೂ ನಲವತ್ತೆರಡನೇ ಪುಟದಲ್ಲಿ ತೂತು!

ಲಿಂಗರಾಜಪುರದ ನಮ್ಮ ವಾಚನಾಲಯಕ್ಕೆ ಬರುವ ವಾರಪತ್ರಿಕೆಯಲ್ಲಿ ಅದು ಲೈಂಗಿಕ ಆರೋಗ್ಯದ ಪ್ರಶ್ನೋತ್ತರದ ಪುಟ. ಓದುಗರು ಕೇಳುತ್ತಾರೆ, ಒಬ್ಬ ಲೇಡಿ ಡಾಕ್ಟರ್ ಉತ್ತರಿಸುತ್ತಾರೆ. ಇಲ್ಲಿಯ ಮೇಲ್ವಿಚಾರಕನಾದ ನಾನು, ಅಂಜನಮೂರ್ತಿ, ಆ ಪುಟ ಬಂದರೆ ಬೇಗ ಮಗುಚುವ ಪುಕ್ಕಲ.

"ಮುಂದಿನ ವಾರದಿಂದ ಈ ಪತ್ರಿಕೆ ಬಂದ್!" ಕಾರ್ಯದರ್ಶಿ ಚಲುವಯ್ಯ ಗುಡುಗಿದರು. "ಯಾವನೋ ಚಪಲಕ್ಕೆ ಕತ್ತರಿಸ್ಕೊಂಡು ಹೋಗ್ತಾನೆ. ನಮ್ಮ ಮಾನ ಹೋಗ್ತಿದೆ ಕಣ್ರೀ."

ನಾನು ಹಲಸೂರಿನ ಸಂಘಮಿತ್ರಾ ಅವರಿಗೆ ಫೋನ್ ಮಾಡಿದೆ. ನಿವೃತ್ತ ನರ್ಸ್, ಎಂಥ ಗುಟ್ಟನ್ನೂ ಹೊರಗೆಳೆಯುವವರು. ಬಂದವರೇ ಕೇಳಿದರು: "ಪತ್ರಿಕೆ ಮುಟ್ಟೋರು ಯಾರ್ಯಾರು?"

"ಮೂವರೇ. ಚಲುವಯ್ಯನವರು, ಕಾಲೇಜಿನ ಮುರಳಿ, ಪಕ್ಕದಂಗಡಿಯಲ್ಲಿ ಬ್ಲೌಸ್ ಹೊಲಿಯೋ ಗಂಗಾ. ಅವಳು ಕಲಬುರಗಿ ಕಡೆಯವಳು. ಊಟದ ಹೊತ್ತಲ್ಲಿ ಬಂದು ಧಾರಾವಾಹಿ ಓದ್ತಾಳೆ, ಪಾಪ."

ಮೂವರನ್ನೂ ಕರೆಸಿದೆವು.

"ನಾನಾ?" ಮುರಳಿ ನಕ್ಕ. "ಇಂಥದ್ದೆಲ್ಲ ಫೋನಲ್ಲೇ ಸಿಗುತ್ತೆ ಮೇಡಂ."

ಸಂಘಮಿತ್ರಾ ತಿರುಗಿದರು. "ಚಲುವಯ್ಯನವರೇ, ಪತ್ರಿಕೆ ನಿಲ್ಲಿಸೋಕೆ ನೀವೇ ಕತ್ತರಿಸಿರಬಹುದಲ್ಲ?"

"ಅದಕ್ಕೆ ಕತ್ತರಿ ಯಾಕ್ರೀ? ನನ್ನ ಒಂದು ಸಹಿ ಸಾಕು!"

ಗಂಗಾ ತಲೆಯೆತ್ತಲಿಲ್ಲ. ಸಂಘಮಿತ್ರಾ ನಾಲ್ಕೂ ಸಂಚಿಕೆಗಳನ್ನು ಮೇಜಿನ ಮೇಲೆ ಹರಡಿದರು.

"ಹೋಗಿರೋದನ್ನ ಎಲ್ಲರೂ ನೋಡಿದ್ರಿ. ಉಳಿದಿರೋದನ್ನ ನೋಡಿದ್ರಾ?"

ತೂತಿನ ಕೆಳಗೆ ಒಂದು ಜಾಹೀರಾತು— 'ಗುಪ್ತ ಸಮಸ್ಯೆಗೆ ಏಳೇ ದಿನದಲ್ಲಿ ಪರಿಹಾರ.' ನಾಲ್ಕರಲ್ಲೂ ಹಾಗೆಯೇ ಇತ್ತು.

"ಚಪಲದೋನು ಇದನ್ನ ಬಿಡ್ತಿದ್ನಾ? ಇನ್ನು ಅಂಚು ನೋಡಿ. ಮೂರು ಕಡೆ ಪ್ರಶ್ನೋತ್ತರದ ಚೌಕದ ಗೆರೆಯಿಂದ ಅರ್ಧ ಇಂಚು ಆಚೆ ಕತ್ತರಿಸಿದೆ, ಪಕ್ಕದ ಅಕ್ಷರಾನೂ ಹೋಗಿದೆ. ಜಾಹೀರಾತಿನ ಕಡೆ ಮಾತ್ರ ಗೆರೆಗೆ ಸರಿಯಾಗಿ. ಅರ್ಧ ಇಂಚು ಬಿಟ್ಟು ಕತ್ತರಿಸೋದು ಯಾರ ಕೈಗೆ ರೂಢಿ ಹೇಳಿ?"

"ಹೊಲಿಗೆಗೆ ಬಟ್ಟೆ ಬಿಡೋರಿಗೆ..." ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಗಂಗಾ, ಯಾಕಮ್ಮ?"

ಗಂಗಾ ಅತ್ತಳು. "ಹೌದ್ರಿ, ನಾನೇ. ನಮ್ಮ ವಠಾರದಾಗ ಆರು ಖೋಲಿ, ಒಂದೇ ಬಚ್ಚಲ. ಹೆಣ್ಣಮಕ್ಕಳು ಚಿಲಕ ಹಾಕ್ಕೊಂಡು ಒಬ್ಬರೇ ಇರೋದು ಅಲ್ಲಿ ಅಷ್ಟೇ ರಿ. ಅದಕ್ಕ ಕತ್ತರಿಸಿದ್ದು ಅದರ ಬಾಗಿಲ ಒಳಗ ಅಂಟಿಸೀನಿ. ಇಂಥಾ ಜಾಹೀರಾತಿನ ಗುಳಿಗಿ ನುಂಗಿ ನಮ್ಮಕ್ಕ ದವಾಖಾನಿ ಸೇರಿದ್ಳು. ಅದು ಮಾತ್ರ ಬ್ಯಾಡ ಅಂತ ಬಿಟ್ಟೆ. ವರ್ಷದಿಂದ ನೋವು ತಡಕೊಂಡಿದ್ದ ನಮ್ಮ ವಠಾರದ ಅಯ್ಯಮ್ಮ, ಡಾಕ್ಟರು ಬರದದ್ದು ಓದಿ ದವಾಖಾನಿಗೆ ಹೋಗಿ ತೋರಿಸ್ಕೊಂಡ್ಳು. ಈಗ ಆರಾಮ ಅದಾಳ್ರಿ. ನನ್ನ ಬೈರಿ, ಪತ್ರಿಕಿ ನಿಲ್ಲಿಸಬ್ಯಾಡ್ರಿ."

ನಾನು ನಾಚಿ ಮಗುಚುತ್ತಿದ್ದ ಪುಟ ಒಬ್ಬಳ ನೋವು ನೀಗಿಸಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಚಲುವಯ್ಯ ನಾಲ್ಕೂ ಸಂಚಿಕೆಗಳನ್ನು ಒಟ್ಟುಮಾಡಿ ನನ್ನ ಕಡೆ ಸರಿಸಿದರು. "ಮೂರ್ತಿ, ಇನ್ಮೇಲೆ ಎರಡು ಪ್ರತಿ ತರಿಸ್ರೀ. ಒಂದು ಈಯಮ್ಮ ಕತ್ತರಿಸ್ಲಿ" ಎಂದರು.

ಗಂಗಾ ಕಣ್ಣೊರೆಸಿಕೊಂಡು ಕೈಮುಗಿದಳು. ಅವಳೂ ಮುರಳಿಯೂ ಹೊರಟುಹೋಗುವವರೆಗೆ ಕಾದು, ಚಲುವಯ್ಯ ಸಂಘಮಿತ್ರಾ ಅವರ ಹತ್ತಿರ ಕುರ್ಚಿ ಎಳೆದುಕೊಂಡರು.

"ಆ ಡಾಕ್ಟರು... ಅರವತ್ತೈದು ದಾಟಿದ ಗಂಡಸರಿಗೂ ಉತ್ತರ ಕೊಡ್ತಾರಾ?"

"ಕೊಡ್ತಾರೆ. ಬರೀರಿ."

ನಾನು ಕಾಗದ, ಪೆನ್ನು ಮುಂದೆ ಸರಿಸಿದೆ.

"ಹೆಸರು ಹಾಕಲ್ಲ ತಾನೇ?" ಎನ್ನುತ್ತಲೇ ಅವರು ಬರೆಯತೊಡಗಿದರು.